ಒಂದೇ ಬುಟ್ಟಿಯ ರೊಟ್ಟಿ

ಹೋದ ತಿಂಗಳು ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ತಿಕೋಟಾದ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಅಷ್ಟರಲ್ಲಿ ಬಬಲೇಶ್ವರದ ಬಸ್ಸು ಬಂದು ನಿಂತಿತು. ಇಳಿಯುವವರ ತಲೆಗಳ ಮೇಲಿಂದ ಕಂಡಕ್ಟರು ಒಂದು ಬಿಳಿ ಅರಿವೆಯ ಗಂಟನ್ನು ಕೆಳಗೆ ಚಾಚಿದರು, ಯಾರದೋ ಕೈ ಅದನ್ನು ಇಸಿದುಕೊಂಡಿತು. ಗಂಟು ನನ್ನ ಮೂಗಿನ ಮುಂದೆಯೇ ಹಾಯ್ದು ಹೋಯಿತು. ಅರ್ಧ ಒಣಗಿದ ಜೋಳದ ರೊಟ್ಟಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿ, ಹಳೇ ಸೀರೆಯ ಅರಿವೆ, ಇವೆಲ್ಲಕ್ಕೂ ಮೆತ್ತಿಕೊಂಡ ಡೀಸೆಲ್ಲಿನ ಘಾಟು. ಬುತ್ತಿಯ ವಾಸನೆ. ಈಗಲೂ ಹಳ್ಳಿಯಿಂದ ಬುತ್ತಿ ಕಳಿಸುವವರಿದ್ದಾರೆ ಎಂದು ನಾನು ತಿಳಿದಿರಲಿಲ್ಲ. ನನ್ನ ಬಸ್ಸು ಬಂದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕುಳಿತುಬಿಟ್ಟೆ. ಆ ವಾಸನೆಯಲ್ಲಿ ನಮ್ಮ ಮನೆ ಇತ್ತು, ಮನೆ ತುಂಬ ಹುಡುಗಿಯರಿದ್ದರು, ಅವರ ನಡುವೆ ಸೆರಗು ಸಿಕ್ಕಿಸಿಕೊಂಡು ನಿಂತ ನನ್ನ ಗಂಗತ್ತಿ ಇದ್ದಳು.

ನನಗೆ ಆಗ ಒಂಬತ್ತು ವರ್ಷ. ಊರಿಗೆ ನಾವಿನ್ನೂ ಬಿಜಾಪುರ ಎನ್ನುತ್ತಿದ್ದೆವು. ಹಳೇ ಓಣಿಯೊಂದರ ತಿರುವಿನಲ್ಲಿ ನಮ್ಮ ಮಣ್ಣಿನ ಮಾಳಿಗೆಯ ಮನೆ. ಮುಂದೆ ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಹಿಂದೆ ಅಂಗಳ, ಅಂಗಳದಲ್ಲಿ ಬೇವಿನ ಗಿಡ. ಮನೆ ನನ್ನ ಮುತ್ಯಾನದು, ಅಂದರೆ ಅಪ್ಪನ ಅಪ್ಪನದು. ಅವನು ನೀರು ಬಿಡುವ ಕೆಲಸದಲ್ಲಿದ್ದು ನಿವೃತ್ತನಾದವನು. ಭೂತನಾಳದ ಕೆರೆಯಿಂದ ಬಂದ ನೀರನ್ನು ಯಾವ ಓಣಿಗೆ ಎಷ್ಟು ಹೊತ್ತು ಬಿಡಬೇಕೋ ಅಷ್ಟು ಬಿಟ್ಟು ವಾಲ್ ತಿರುವುವುದೇ ಅವನ ಜೀವಮಾನದ ಉದ್ಯೋಗವಾಗಿತ್ತು. ಅದಕ್ಕಾಗಿ ಬಳಸುತ್ತಿದ್ದ ಉದ್ದನೆಯ ಕಬ್ಬಿಣದ ಚಾವಿಯಿಂದ ಅವನ ಅಂಗೈಗಳು ಒಣಗಿದ ತೊಗಲಿನ ಹಾಗೆ ಆಗಿದ್ದವು. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತ. ಅವ್ವನದು ಮಾತು ಕಡಿಮೆ, ಕೆಲಸ ಹೆಚ್ಚು. ಅಪ್ಪನ ಅಕ್ಕ ಗಂಗತ್ತಿ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಓದಿ ಶಿಕ್ಷಕಿಯಾಗಿ ತಿಕೋಟಾದ ಸಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಸಂಜೆ ಅವಳು ಮನೆಗೆ ಬಂದಾಗ ಸೀರೆಯಿಂದ ದಾರಿಯ ಧೂಳಿನ ಜೊತೆ ಖಡುವಿನ, ಅಂದರೆ ಸೀಮೆಸುಣ್ಣದ, ವಾಸನೆ ಬರುತ್ತಿತ್ತು. ಅವಳ ಚೀಲದಲ್ಲಿ ನನಗೆಂದು ಒಂದು ಪೇರಲವೋ ಒಂದು ಹಿಡಿ ಒಣದ್ರಾಕ್ಷಿಯೋ ಇರುತ್ತಿತ್ತು. ಅವಳು ಪೂರ್ತಿ ನನ್ನವಳು ಎಂದು ನಾನು ನಂಬಿದ್ದೆ.

ಒಂದು ದಿನ ಸಂಜೆ ಗಂಗತ್ತಿಯ ಹಿಂದೆ ಒಂದು ಹುಡುಗಿ ಬಂದಳು. ಎತ್ತರದ, ಗೋಧಿ ಬಣ್ಣದ, ಎರಡು ಉದ್ದ ಜಡೆಯ ಹುಡುಗಿ. ಕೈಯಲ್ಲಿ ಹಸಿರು ಬಣ್ಣದ ತಗಡಿನ ಟ್ರಂಕು. ಅವಳ ಹೆಸರು ಕಸ್ತೂರಿ, ತಿಕೋಟಾದವಳು, ಹತ್ತನೆಯ ಇಯತ್ತೆಯಲ್ಲಿ ಸಾಲೆಗೇ ಮೊದಲ ನಂಬರು ಬಂದವಳು. ಕಾಲೇಜಿಗೆ ಹೋಗಬೇಕೆಂದರೆ ಬಿಜಾಪುರಕ್ಕೇ ಬರಬೇಕು. ಹುಡುಗರಾದರೆ ನಾಲ್ಕು ಮಂದಿ ಕೂಡಿ ಒಂದು ಖೋಲಿ ಹಿಡಿಯುತ್ತಿದ್ದರು, ಊರಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಹುಡುಗಿಯರಿಗೆ ಯಾರು ಖೋಲಿ ಕೊಡುತ್ತಾರೆ? ಹತ್ತಕ್ಕೇ ಅವರ ಓದು ಮುಗಿಯುತ್ತಿತ್ತು. ಕಸ್ತೂರಿಯ ಅಪ್ಪನ ಹೊಲಕ್ಕೇ ಹೋಗಿ ಗಂಗತ್ತಿ ಹೇಳಿದ್ದಳಂತೆ, “ನನ್ನ ಮನ್ಯಾಗ ಇರ್ತಾಳ. ನನ್ನ ಮಗಳಾಗಿದ್ರ ಓದಸ್ತಿದ್ದಿಲ್ಲೇನು? ನೀವು ಬುತ್ತಿ ಅಷ್ಟ ಕಳಸ್ರಿ.” ಮುತ್ಯಾ ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡು, “ಪಡಸಾಲಿ ಖಾಲಿನ ಐತಿ, ಇರ್ಲಿ ಬಿಡು,” ಎಂದ. ನಮ್ಮ ಊರಿನ ಒಂದು ಸಂಸ್ಥೆ ಹುಟ್ಟಿದ್ದು ಆ ಮಾತಿನಿಂದ ಎಂದು ಅವನಿಗೂ ಗೊತ್ತಿರಲಿಲ್ಲ, ಗಂಗತ್ತಿಗೂ ಗೊತ್ತಿರಲಿಲ್ಲ.

ಮೊದಲ ವಾರ ನಾನು ಕಸ್ತೂರಿಯ ಜೊತೆ ಮಾತಾಡಲಿಲ್ಲ. ಎರಡನೆಯ ವಾರ ಅವಳು ನನ್ನನ್ನು ಎರಡು ಮೊಣಕಾಲ ನಡುವೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ನಾಲ್ಕು ಎಳೆಯ ಜಡೆ ಹಾಕಿದಳು. ಓಣಿಯಲ್ಲಿ ಯಾರಿಗೂ ಆ ಜಡೆ ಬರುತ್ತಿರಲಿಲ್ಲ. ಅಂದಿನಿಂದ ನಾನು ಅವಳ ನೆರಳಾದೆ. ಮಧ್ಯಾಹ್ನ ಮಾಳಿಗೆಯ ಮೇಲೆ ಗುಮ್ಮಟದ ಕಡೆ ಮುಖ ಮಾಡಿ ಕುಳಿತು ಅವಳು ಗಟ್ಟಿಯಾಗಿ ಪಾಠ ಓದುತ್ತಿದ್ದಳು. ಅರ್ಥವಾಗದ ಆ ಪಾಠಗಳನ್ನು ನಾನು ಹಾಡಿನ ಹಾಗೆ ಕೇಳುತ್ತ ಅವಳ ತೊಡೆಯ ಮೇಲೆ ಮಲಗಿರುತ್ತಿದ್ದೆ.

ದೀಪಾವಳಿಯ ಹೊತ್ತಿಗೆ ಬಬಲೇಶ್ವರದಿಂದ ಅಕ್ಕತಂಗಿಯರಿಬ್ಬರು ಬಂದರು. ಮುಂದಿನ ಮಳೆಗಾಲಕ್ಕೆ ಹುಡುಗಿಯರು ಏಳು ಮಂದಿಯಾದರು. ಪಡಸಾಲೆಯ ಗೋಡೆಗುಂಟ ಟ್ರಂಕುಗಳ ಸಾಲು, ಮೊಳೆಗಳಿಗೆ ಚೀಲಗಳು, ಹಗ್ಗದ ಮೇಲೆ ಲಂಗ ದಾವಣಿಗಳು. ವಾರಕ್ಕೆ ಎರಡು ಸಲ ಬುತ್ತಿ ಬರುತ್ತಿತ್ತು. ಒಬ್ಬಳ ಮನೆಯಿಂದ ತುಪ್ಪ ಸವರಿದ ಮೆತ್ತನೆಯ ರೊಟ್ಟಿ, ಇನ್ನೊಬ್ಬಳ ಮನೆಯಿಂದ ಬರೀ ಖಾರ ಮತ್ತು ಒಣಗಿಸಿದ ಕಟಕ್ ರೊಟ್ಟಿ. ಒಮ್ಮೆ ಒಬ್ಬಳ ಬುತ್ತಿ ಬರಲೇ ಇಲ್ಲ. ಅವಳು ಹಸಿವಿಲ್ಲ ಎಂದು ಹೇಳಿ ಬೇವಿನ ಗಿಡದ ಕೆಳಗೆ ಪುಸ್ತಕ ಹಿಡಿದು ಕುಳಿತಳು. ಗಂಗತ್ತಿ ಅದನ್ನು ನೋಡಿದಳು. ಒಳಗಿಂದ ದೊಡ್ಡ ಬಿದಿರಿನ ಬುಟ್ಟಿ ತಂದು, ಎಲ್ಲರ ಗಂಟುಗಳನ್ನೂ ಬಿಚ್ಚಿ, ರೊಟ್ಟಿಗಳನ್ನೆಲ್ಲ ಅದರಲ್ಲಿ ಸುರಿದು ಎರಡೂ ಕೈಯಿಂದ ಮೇಲೆ ಕೆಳಗೆ ಮಾಡಿದಳು. “ಇನ್ನ ಮ್ಯಾಲ ಯಾರ ಬುತ್ತಿನೂ ಯಾರೂ ಬಿಚ್ಚಬ್ಯಾಡ್ರಿ. ಈ ಬುಟ್ಟ್ಯಾಗ ಬಿದ್ದದ್ದು ಎಲ್ಲಾರದು.” ತುಪ್ಪದ ರೊಟ್ಟಿಯವಳ ಮುಖ ಎರಡು ದಿನ ಊದಿಕೊಂಡಿತ್ತು. ಆಮೇಲೆ ನಾವು ಮನೆಯವರೂ ಅದೇ ಬುಟ್ಟಿಯಿಂದ ಉಣ್ಣತೊಡಗಿದೆವು, ಅದೇ ಒಂದು ಆಟವಾಯಿತು. ರೊಟ್ಟಿಯ ದಪ್ಪ, ಅಂಚಿನ ಸುಟ್ಟ ಗುರುತು ನೋಡಿ ಇದು ಯಾರ ಅವ್ವನ ಕೈಯದೆಂದು ಗುರುತಿಸುತ್ತಿದ್ದೆವು.

ಅದೇ ಮಳೆಗಾಲದಲ್ಲಿ ಬಬಲೇಶ್ವರದ ಕಡೆಯಿಂದ ಒಬ್ಬ ಮನುಷ್ಯ ಮಗಳನ್ನು ಕರೆದುಕೊಂಡು ಬಂದ. ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಕೆಲಸ ಮಾಡುವವನು; ಕಾಲಿಗೆ ಡಾಂಬರಿನ ಕಲೆ. ಕಟ್ಟೆ ಹತ್ತದೆ ಕೆಳಗೇ ನಿಂತು, “ಅಕ್ಕೋರ, ನಮ್ಮ ಹುಡುಗಿನೂ ಇಟ್ಕೋತೀರೇನ್ರಿ? ಓದಾಕ ಶ್ಯಾಣೆ ಅದಾಳ್ರಿ,” ಎಂದ. ಒಂದು ಗಳಿಗೆ ತಡೆದು, ತಾವು ಊರ ಹೊರಗಿನ ಕೇರಿಯವರೆಂದೂ, ತನ್ನ ಅಪ್ಪನ ಕಾಲದಿಂದ ಮನೆಯಲ್ಲಿ ಬುದ್ಧನಿಗೆ ನಡೆದುಕೊಂಡು ಬಂದವರೆಂದೂ ತಾನಾಗಿಯೇ ಹೇಳಿದ. ಆಮೇಲೆ ತಿಳಿದು ಜಗಳವಾಗುವುದಕ್ಕಿಂತ ಮೊದಲೇ ತಿಳಿಯಲಿ ಎಂಬಂತಿತ್ತು ಅವನ ದನಿ. ಗಂಗತ್ತಿ ಕೇಳಿದ್ದು ಒಂದೇ ಮಾತು: “ವಾರಕ್ಕ ಎರಡ ಸಲ ಬುತ್ತಿ ಕಳಸಾಕ ಆಗತೈತೇನು?” ಅವನು ತಲೆಯಾಡಿಸಿದ. ಹುಡುಗಿಯ ಹೆಸರು ಸುಜಾತಾ. ಸಣ್ಣ ಕಣ್ಣು, ಗಟ್ಟಿ ತುಟಿ. ಅವಳ ಟ್ರಂಕಿನ ಮುಚ್ಚಳದ ಒಳಗೆ ಕಣ್ಣು ಮುಚ್ಚಿ ಕುಳಿತ ಬುದ್ಧನ ಚಿತ್ರವೊಂದನ್ನು ಅಂಟಿಸಿದ್ದರು.

ಮೂರನೆಯ ದಿನ ಸುಜಾತಾಳ ಅವ್ವನ ರೊಟ್ಟಿ ಬುಟ್ಟಿಗೆ ಬಿತ್ತು. ಅಂದು ಮುತ್ಯಾ ಊಟಕ್ಕೆ ಏಳಲಿಲ್ಲ. ಮರುದಿನವೂ ಏಳಲಿಲ್ಲ, ಪೇಟೆಯ ಕಡೆ ಹೋಗಿ ಚುರುಮುರಿ, ಚಹಾ ಮುಗಿಸಿ ಬಂದು ಕಟ್ಟೆಯ ಮೇಲೆ ಕುಳಿತ. ಗಂಗತ್ತಿ ಅವನ ಎದುರು ನಿಂತಳು. ಅವಳು ತನ್ನ ಅಪ್ಪನೊಂದಿಗೆ ದನಿ ಏರಿಸಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

“ಯಪ್ಪಾ, ಮೂವತ್ತು ವರ್ಷ ವಾಲ್ ತಿರುವಿದಿ. ನೀರು ಯಾರ ಮನಿಗಿ ಹೊಂಟೈತಿ ಅಂತ ಒಂದ ದಿನಾನೂ ಕೇಳಿದ್ದೇನು?”

“ಅದು ನೌಕರಿ ಇತ್ತು,” ಎಂದ ಮುತ್ಯಾ.

“ಇದೂ ನೌಕರೀನ ತಿಳಿ,” ಎಂದು ಗಂಗತ್ತಿ ಒಳಗೆ ಹೋದಳು.

ಮೂರನೆಯ ದಿನ ಮಧ್ಯಾಹ್ನ ಮುತ್ಯಾ ತಾನಾಗಿಯೇ ಒಳಗೆ ಬಂದು ಮಣೆಯ ಮೇಲೆ ಕುಳಿತ. ಬುಟ್ಟಿಯೊಳಗೆ ಬಗ್ಗಿ ನೋಡಿ, “ಇದರಾಗ ಆ ಹುಡುಗಿ ಮನಿ ರೊಟ್ಟಿ ಯಾವುವು?” ಎಂದು ಕೇಳಿದ. “ಎಲ್ಲಾ ಕಲಸಿ ಇಟ್ಟೀನಿ. ನನಗೂ ಗೊತ್ತಾಗೂದಿಲ್ಲ,” ಎಂದಳು ಗಂಗತ್ತಿ. ಮುತ್ಯಾ ತಾಟನ್ನು ಮುಂದೆ ಸರಿಸಿದ. “ಹಂಗಾರ ಕೊಡು,” ಎಂದ. ಅವ್ವ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪಡಸಾಲೆಯಲ್ಲಿ ಕುಳಿತ ಸುಜಾತಾಳಿಗೂ ಈ ಮಾತು ಕೇಳಿಸಿತ್ತು. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಅವತ್ತು ನಾವು ನಕ್ಕ ನಗು ಅವಳಿಗೆ ಹೇಗೆ ಕೇಳಿಸಿರಬಹುದು ಎಂದು ನಾನು ಯೋಚಿಸಿದ್ದು ಎಷ್ಟೋ ವರ್ಷಗಳ ಮೇಲೆ.

ಮನೆಯೊಳಗಿನ ಮಾತು ಮನೆಯಲ್ಲಿ ಉಳಿಯಲಿಲ್ಲ. ಬುತ್ತಿಯ ಬಸ್ಸಿನಲ್ಲೇ ಸುದ್ದಿಯೂ ಹಳ್ಳಿಗಳಿಗೆ ಹೋಯಿತು. ಬಬಲೇಶ್ವರದ ಅಕ್ಕತಂಗಿಯರನ್ನು ಅವರ ಕಾಕಾ ಬಂದು ಕರೆದೊಯ್ದ. ಅದರ ಮರುವಾರ, ಭಾನುವಾರದ ದಿನ, ಕಸ್ತೂರಿಯ ಅಪ್ಪ ಬಂದ. ಒಳ್ಳೆಯ ಮನುಷ್ಯ. ಪ್ರತಿ ಸಲ ಬಂದಾಗಲೂ ನಮ್ಮ ಮನೆಗೆಂದು ಹೊಲದಿಂದ ಏನಾದರೂ ಹೊತ್ತು ತರುತ್ತಿದ್ದ. ಅಂದೂ ಹಸಿ ಶೇಂಗಾದ ಚೀಲ ತಂದಿದ್ದ. ಅದನ್ನು ಕೆಳಗಿಟ್ಟು, ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲರಿ ಅಕ್ಕೋರ. ನಾಳೆ ಈಕಿ ಲಗ್ನದ ಮಾತು ಬಂದಾಗ, ಯಾರ ಕೈಯಾನ ರೊಟ್ಟಿ ತಿಂದು ಬೆಳದಾಳ ಅಂತ ಕೇಳಿದ್ರ ನಾ ಏನ ಹೇಳ್ಲಿ?”

“ಓದ್ಯಾಳ ಅಂತ ಹೇಳ್ರಿ,” ಎಂದಳು ಗಂಗತ್ತಿ.

“ಒಂದ ಕೆಲಸ ಮಾಡ್ರಿ. ಆ ಹುಡುಗಿ ಇರ್ಲಿ, ಬ್ಯಾಡ ಅನ್ನೂದಿಲ್ಲ. ಆಕಿ ಬುತ್ತಿ ಅಷ್ಟ ಬ್ಯಾರೆ ಇಡ್ರಿ. ನನ್ನ ಮಗಳನ್ನ ಇಲ್ಲೇ ಬಿಟ್ಟ ಹೋಗ್ತೀನಿ.”

ಬೇರೆ ಒಂದು ಬುಟ್ಟಿ ಇಟ್ಟರೆ ಕಸ್ತೂರಿ ಉಳಿಯುತ್ತಾಳೆ, ಇಷ್ಟು ಸರಳ ಮಾತಿಗೆ ಗಂಗತ್ತಿ ಯಾಕೆ ಹೂಂ ಎನ್ನುತ್ತಿಲ್ಲ ಎಂದು ನನಗೆ ತಿಳಿಯಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕಸ್ತೂರಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಸ್ತೂರಿಯ ಅಪ್ಪನ ಕಡೆ ತಿರುಗಿ, “ಬುಟ್ಟಿ ಒಂದ ಇರತೈತ್ರಿ,” ಎಂದಳು.

ಟಾಂಗಾ ತಂದರು. ಹಸಿರು ಟ್ರಂಕು ಭಾರವಾಗಿತ್ತು. ಒಂದು ಹಿಡಿಕೆಯನ್ನು ಕಸ್ತೂರಿ ಹಿಡಿದಳು, ಇನ್ನೊಂದನ್ನು ಹಿಡಿಯಲು ಸುಜಾತಾ ಎದ್ದು ಬಂದಳು. ಇಬ್ಬರೂ ಮಾತಿಲ್ಲದೆ ಅದನ್ನು ಟಾಂಗಾದವರೆಗೆ ಒಯ್ದರು. ಕಸ್ತೂರಿಯ ಅಪ್ಪನಿಗೆ ಸುಜಾತಾಳ ಮುಖದ ಪರಿಚಯವಿರಲಿಲ್ಲ. “ನಿನಗ ಪುಣ್ಯಾ ಬರ್ಲಿ, ತಂಗಿ,” ಎಂದ. ಟಾಂಗಾ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಕಿರುಚಿ ಅತ್ತೆ. ಒಳಗೆ ಗಂಗತ್ತಿ ಒಲೆಯ ಮುಂದೆ ಕುಳಿತು ಅವ್ವನನ್ನು ಕೇಳುತ್ತಿದ್ದಳು, “ನಾ ತಪ್ಪ ಮಾಡಿದ್ನೇನು ಬೇ?” ಅವ್ವ ಚಹಾದ ಕಪ್ಪನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತಳು. ಮುಂದಿನ ಭಾನುವಾರ ಮುತ್ಯಾ ಒಗೆದ ರುಮಾಲು ಸುತ್ತಿಕೊಂಡು ಯಾರಿಗೂ ಹೇಳದೆ ತಿಕೋಟಾಕ್ಕೆ ಹೋದ. ಸಂಜೆ ಬಂದವನು, “ಚಹಾ ಕುಡಿಸಿದ್ರು. ಮಾತು ಕೇಳ್ಲಿಲ್ಲ,” ಎಂದಷ್ಟೇ ಹೇಳಿ ಮೆಟ್ಟು ಬಿಚ್ಚಿದ. ಕಸ್ತೂರಿಯ ಲಗ್ನ ನಿಶ್ಚಯವಾಗಿದೆ ಎಂಬುದನ್ನು ಅವನು ನಾಲ್ಕು ದಿನ ಬಿಟ್ಟು ಹೇಳಿದ.

ನನ್ನ ಬದುಕಿನಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಆ ದಿನಗಳದು. ಒಂದು ಮಧ್ಯಾಹ್ನ ನಾನು ಅಂಗಳದ ಬೇವಿನ ಗಿಡದ ಕೆಳಗೆ ಕೂದಲು ಬಿಚ್ಚಿಕೊಂಡು ಕುಳಿತಿದ್ದೆ. ಸುಜಾತಾ ಹಣಿಗೆ ಹಿಡಿದು ಬಂದು, “ಬಾ, ಜಡಿ ಹಾಕ್ತೀನಿ. ನಾಕ ಎಳೀದು ನನಗೂ ಬರತೈತಿ,” ಎಂದು ನನ್ನ ಹಿಂದೆ ಕುಳಿತಳು. ಎರಡು ಸಲ ಬಾಚಿದಳು. ನಾನು ತಲೆ ಕೊಸರಿಕೊಂಡು, “ನೀ ಬಂದದ್ದಕ್ಕ ಕಸ್ತೂರಕ್ಕ ಹೋದ್ಲು,” ಎಂದೆ. ಅವಳು ಹಣಿಗೆಯಲ್ಲಿ ಸಿಕ್ಕ ನನ್ನ ಕೂದಲನ್ನು ಬಿಡಿಸಿ, ಬೆರಳಿಗೆ ಸುತ್ತಿ ಉಂಡೆ ಮಾಡಿ, ಬೇವಿನ ಬುಡಕ್ಕೆ ಹಾಕಿ ಒಳಗೆ ಹೋದಳು. ನಾನು ಆಡಲು ಹೋದೆ. ಸಂಜೆ ಗಂಗತ್ತಿ ಸಾಲೆಯಿಂದ ಬಂದಾಗ ಪಡಸಾಲೆಯ ಸಾಲಿನಲ್ಲಿ ಒಂದು ಟ್ರಂಕು ಕಡಿಮೆಯಾಗಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಚೀಲವನ್ನೂ ಇಳಿಸದೆ ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಳು. ನಾನು ಓಡುತ್ತಿದ್ದೆ.

ಬಬಲೇಶ್ವರದ ಬಸ್ಸು ನಿಲ್ಲುವ ಜಾಗದಲ್ಲಿ ಸುಜಾತಾ ಟ್ರಂಕಿನ ಮೇಲೆ ಕುಳಿತಿದ್ದಳು. ಬಸ್ಸು ಇನ್ನೂ ಬಂದಿರಲಿಲ್ಲ. “ಮಾಲೀ, ನೀ ಆಡಿದ ಮಾತು ನೀನ ಹಿಂದ ತಗೋ,” ಎಂದು ಗಂಗತ್ತಿ ನನ್ನನ್ನು ಮುಂದೆ ತಳ್ಳಿದಳು. ನನಗೆ ಅಳು ಬಂತು. ಸುಜಾತಾ ನನ್ನನ್ನು ನೋಡಿ, “ಅಳಬ್ಯಾಡ. ನೀ ಸುಳ್ಳೇನ ಹೇಳಿಲ್ಲಲ್ಲ,” ಎಂದಳು. ಸಿಟ್ಟಿನಿಂದ ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಗಂಗತ್ತಿ ಅವಳ ಪಕ್ಕದಲ್ಲಿ, ಜನ ಓಡಾಡುವ ನೆಲದ ಮೇಲೆಯೇ, ದಣಿದವಳ ಹಾಗೆ ಕುಳಿತಳು. “ನನ್ನ ಸಾಲಿ ಒಳಗ ಕಸ್ತೂರಿಯಂಥಾ ಹುಡುಗಿ ಮತ್ತ ಬಂದಿಲ್ಲ,” ಎಂದಳು. “ಆಕಿನ್ನ ಕಳಕೊಂಡೀನಿ. ಈಗ ನೀನೂ ಹೋದಿ ಅಂದ್ರ, ಯಾಕ ಕಳಕೊಂಡ್ನಿ ನಾ? ಹೇಳು.”

ಅಷ್ಟರಲ್ಲಿ ಬಸ್ಸು ಬಂತು. ಅಂದು ಬುತ್ತಿಯ ದಿನ. ನಮ್ಮನ್ನು ಚೆನ್ನಾಗಿ ಬಲ್ಲ ಕಂಡಕ್ಟರು ಮೆಟ್ಟಿಲ ಮೇಲಿಂದಲೇ, “ಅಕ್ಕೋರ, ಇಲ್ಲೇ ಅದೀರಿ, ಚಲೋ ಆತು ನೋಡ್ರಿ,” ಎಂದು ಗಂಟನ್ನು ಚಾಚಿದರು. ಅದು ಸುಜಾತಾಳ ಅವ್ವ ಕಳಿಸಿದ್ದು, ಕೆಂಪು ಅಂಚಿನ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ್ದು. ಸುಜಾತಾ ಅದನ್ನು ಇಸಿದುಕೊಂಡು ಎದೆಗೆ ಒತ್ತಿಕೊಂಡು ನಿಂತಳು. ಬಸ್ಸು ಖಾಲಿಯಾಯಿತು, ಮತ್ತೆ ತುಂಬಿತು. ಅವಳು ಹತ್ತಲಿಲ್ಲ. ಗಂಟನ್ನು ನನ್ನ ಕೈಗೆ ಕೊಟ್ಟು ಟ್ರಂಕಿನ ಒಂದು ಹಿಡಿಕೆ ಹಿಡಿದಳು. ಇನ್ನೊಂದನ್ನು ಗಂಗತ್ತಿ ಹಿಡಿದಳು. ಮೂವರೂ ಮನೆಗೆ ನಡೆದೆವು. ಗಂಟು ಇನ್ನೂ ಬೆಚ್ಚಗಿತ್ತು.

ಆಮೇಲಿನದು ಊರಿಗೆ ಗೊತ್ತಿರುವ ಕಥೆ. ಹೋದ ಅಕ್ಕತಂಗಿಯರಲ್ಲಿ ತಂಗಿ ಮರುವರ್ಷ ತಿರುಗಿ ಬಂದಳು. ಹುಡುಗಿಯರು ಹೆಚ್ಚಿದರು, ಅಪ್ಪ ಅವ್ವ ನಾನು ಅಂಗಳದ ಕಡೆಯ ಖೋಲಿಗೆ ಸರಿದೆವು. ನಿವೃತ್ತ ಮಾಸ್ತರರೊಬ್ಬರು, ಒಬ್ಬ ದ್ರಾಕ್ಷಿ ಬೆಳೆಗಾರರು, ಓಣಿಯ ನಾಲ್ಕು ಮಂದಿ ಕೂಡಿ ಸಂಘ ಕಟ್ಟಿದರು. ಬಾಗಿಲ ಮೇಲೆ ಹುಡುಗಿಯರ ವಸತಿ ನಿಲಯವೆಂಬ ಫಲಕ ಬಂತು. ಅದರ ಮೇಲೆ ತನ್ನ ಹೆಸರು ಬೇಡವೆಂದು ಗಂಗತ್ತಿ ಹಟ ಹಿಡಿದಳು. ಕೆಲವು ವರ್ಷಗಳಲ್ಲಿ ಇಟ್ಟಂಗಿಹಾಳದ ಕಡೆ ಸ್ವಂತ ಕಟ್ಟಡವಾಯಿತು, ಹುಡುಗಿಯರು ಅಲ್ಲಿಗೆ ಹೋದರು. ಟ್ರಂಕುಗಳು ಹೋದ ದಿನ ಪಡಸಾಲೆಯ ಗೋಡೆಯಲ್ಲಿ ಬರೀ ಮೊಳೆಗಳಿದ್ದವು. ಅವುಗಳನ್ನು ಕೀಳಲು ಮುತ್ಯಾ ಬಿಡಲಿಲ್ಲ. ಅವನು ಹೋದ, ಆಮೇಲೆ ಅಪ್ಪ, ಅವ್ವ. ರಸ್ತೆ ಅಗಲವಾದಾಗ ಕಟ್ಟೆ ಮತ್ತು ಪಡಸಾಲೆಯ ಅರ್ಧ ಹೋಯಿತು, ಉಳಿದರ್ಧ ತಾನಾಗಿಯೇ ಒಂದು ಮಳೆಗೆ ಕುಸಿಯಿತು. ಗಂಗತ್ತಿ ಕೊನೆಯ ದಿನಗಳಲ್ಲಿ ನನ್ನ ಮನೆಯಲ್ಲಿದ್ದಳು. ಬಬಲೇಶ್ವರದಲ್ಲಿ ಮುಖ್ಯಾಧ್ಯಾಪಕಿಯಾಗಿದ್ದ ಸುಜಾತಾ ಪ್ರತಿ ಭಾನುವಾರ ಬಂದು ಅವಳ ತಲೆ ಬಾಚುತ್ತಿದ್ದಳು. ಬೆಳ್ಳಗಾದ, ತೆಳುವಾದ ಆ ಕೂದಲನ್ನು ಅವಳು ಜಡೆ ಹೆಣೆಯುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನಗೆ ಹತ್ತಿರ ಹೋಗಲು ಯಾವಾಗಲೂ ಒಂದು ಹೆಜ್ಜೆ ಹಿಂಜರಿಕೆ.

ಈಗ ವಸತಿ ನಿಲಯದವರು ಸ್ಮರಣ ಸಂಚಿಕೆಯೊಂದನ್ನು ತರುತ್ತಿದ್ದಾರೆ. ಮೊದಲ ವರ್ಷಗಳ ಹುಡುಗಿಯರ ಹೆಸರಿನ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದ ತಿಂಗಳು ಬಸ್ ಸ್ಟ್ಯಾಂಡಿಗೆ ಹೋದದ್ದೇ ಅದಕ್ಕಾಗಿ. ಮುಂದಿನ ಬಸ್ಸು ಹಿಡಿದು ತಿಕೋಟಾದಲ್ಲಿ ಇಳಿದೆ. ಕಸ್ತೂರಕ್ಕ ಗಂಡನ ಮನೆಯ ಅಂಗಳದಲ್ಲಿ ಒಣದ್ರಾಕ್ಷಿ ಆರಿಸುತ್ತ ಕುಳಿತಿದ್ದಳು. ಜಡೆ ಹೋಗಿ ಸಣ್ಣ ತುರುಬಾಗಿತ್ತು. ನನ್ನನ್ನು ನೋಡಿ ಮೊದಲು ನನ್ನ ತಲೆ ಮುಟ್ಟಿ ನಕ್ಕಳು. ಅವಳು ನಮ್ಮ ಮನೆಯಲ್ಲಿದ್ದದ್ದು ಹದಿಮೂರು ತಿಂಗಳು. ಅದನ್ನು ಅವಳೇ ಹೇಳಿದಳು. ಅವತ್ತು ನಿಮ್ಮಪ್ಪ ನಿನ್ನನ್ನೂ ಒಂದು ಮಾತು ಕೇಳಬಹುದಿತ್ತು, ಎಂದೆ ನಾನು. ಅವಳು ಕೈಯಲ್ಲಿದ್ದ ದ್ರಾಕ್ಷಿಯ ತೊಟ್ಟು ಮುರಿದಳು.

“ಅಪ್ಪ ಕೇಳ್ಲಿಲ್ಲ, ಖರೆ. ಅಕ್ಕೋರು ಕೇಳಿದ್ರು. ಬಾಗಲದಾಗ ನಿಂತು ನನ್ನ ಬಾಯೇ ನೋಡಾಕತ್ತಿದ್ರು. ನಾ ಹೋಗಾಂಗಿಲ್ಲ ಅಂತ ಒಂದ ಮಾತು ಅಂದಿದ್ರ ಸಾಕಿತ್ತು. ಅಪ್ಪ ಅಷ್ಟೇನ ಕೆಟ್ಟ ಮನಿಷ್ಯಾ ಇದ್ದಿದ್ದಿಲ್ಲ. ನಾ ಅನ್ಲಿಲ್ಲ.” ಮೊರವನ್ನು ಹತ್ತಿರ ಎಳೆದುಕೊಂಡು, “ಟ್ರಂಕ ಹೊರೂವಾಗ ಸುಜಾತಾಗರೆ ಏನರೆ ಅನ್ನಬೇಕಿತ್ತು. ಅದನ್ನೂ ಅನ್ಲಿಲ್ಲ,” ಎಂದಳು.

ನಾನು ಅವಳಿಗೆ ನನ್ನ ಬೇವಿನ ಗಿಡದ ಕೆಳಗಿನ ಮಾತನ್ನು ಹೇಳಿದೆ. ಗಂಗತ್ತಿಯನ್ನು ಬಿಟ್ಟರೆ ಇಷ್ಟು ವರ್ಷ ಅದನ್ನು ಹೇಳಲು ನನಗೆ ಯಾರೂ ಸಿಕ್ಕಿರಲಿಲ್ಲ. ಅವಳು ನನ್ನ ಕೈ ಮೇಲೆ ಕೈ ಇಟ್ಟಳು. ದ್ರಾಕ್ಷಿಯ ಅಂಟು ನನ್ನ ಬೆರಳಿಗೂ ಹತ್ತಿತು. ಇಬ್ಬರೂ ಕೂಡಿ ಒಂದು ಮೊರದಷ್ಟು ಆರಿಸಿದೆವು.

ಹೊರಡುವಾಗ ಪಟ್ಟಿಯ ಹಾಳೆ ತೆಗೆದು, ನಿನ್ನ ಹೆಸರು ಹೇಗೆ ಬರೆಯಲಿ, ತವರಿನ ಅಡ್ಡಹೆಸರು ಹಚ್ಚಲೋ ಗಂಡನ ಮನೆಯದೋ ಎಂದು ಕೇಳಿದೆ.

“ಎರಡೂ ಬ್ಯಾಡ,” ಎಂದಳು. “ಬರೇ ಕಸ್ತೂರಿ ಅಂತ ಬರಿ. ಆ ಮನ್ಯಾಗ ನನಗ ಹಂಗ ಕರೀತಿದ್ರು.”

ಮುತ್ಯಾ ಕಟ್ಟೆಯಿಂದ ಹಾಗೆ ಕರೆಯುತ್ತಿದ್ದ, ಅವ್ವ ಒಲೆಯ ಮುಂದಿನಿಂದ, ಗಂಗತ್ತಿ ಸಂಜೆ ಬಾಗಿಲು ದಾಟುವಾಗಲೇ. ಹಾಗೆ ಕರೆಯುವವರು ಈಗ ಯಾರೂ ಇಲ್ಲ. ನಾನು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಪಟ್ಟಿಯ ಮೊದಲ ಸಾಲಿನಲ್ಲಿ, ಅವಳಿಗೆ ಕಾಣುವಂತೆ ದೊಡ್ಡ ಅಕ್ಷರದಲ್ಲಿ, ಆ ಹೆಸರು ಬರೆದೆ.